ಹಸಿರು ಹಾಳೆಯ ಎಂಬತ್ತೆರಡು

ಭಾಗ್ಯಶ್ರೀ ಹಳ್ಳಿಯಲ್ಲಿ ಯಾರ ಮನೆಗೆ ಹೋದರೂ ಹೋದ ಕೂಡಲೇ ಚಹಾ ಕುಡಿಯುವುದಿಲ್ಲ. ನೀರು ಕೊಟ್ಟರೆ ಕುಡಿಯುತ್ತಾಳೆ. ಚಹಾ ತಂದರೆ ಪಕ್ಕಕ್ಕೆ ಇಡಿಸಿ, ಚೀಲದಿಂದ ಒಂದು ಹಾಳೆ ತೆಗೆದು, "ಇದರಾಗ ನಿಮ್ಮ ಮಗನ ಬಗ್ಗೆ ಏನು ಬರದೈತಿ, ಸ್ವಲ್ಪ ನನಗ ಹೇಳ್ರಿ" ಎನ್ನುತ್ತಾಳೆ. ಮನೆಯವರು ತಾವೇ ಓದಿಯೋ, ಯಾರ ಕೈಲಾದರೂ ಓದಿಸಿಕೊಂಡೋ ಹೇಳುವ ಹೊತ್ತಿಗೆ ಚಹಾ ಆರಿ ಮೇಲೆ ಕೆನೆ ಕಟ್ಟಿರುತ್ತದೆ. ಅವರು ಹೇಳಿದ್ದು ಸರಿಯಾಗಿದ್ದರೆ ಆ ಆರಿದ ಚಹಾವನ್ನೇ ಕುಡಿಯುತ್ತಾಳೆ. ಸರಿಯಾಗಿಲ್ಲದಿದ್ದರೆ ಹಾಳೆ ಮಡಚಿಕೊಂಡು, "ತಪ್ಪು ನಂದ್ರೀ, ತಿದ್ದಿಕೊಂಡು ಬರತೀನಿ" ಎಂದು ಎದ್ದುಬಿಡುತ್ತಾಳೆ. ಚಹಾ ಇಟ್ಟಲ್ಲೇ ಉಳಿಯುತ್ತದೆ.

ಇದರಿಂದ ಅವಳಿಗೆ ಬಂದಿರುವ ಹೆಸರು ಒಳ್ಳೆಯದೇನಲ್ಲ. ಸಾಲಗುಂದದಲ್ಲಿ ಒಬ್ಬ ಅಜ್ಜಿ ಎದುರಿಗೇ ಅಂದಿದ್ದಳು: "ಲಿಂಗಸುಗೂರು ಸಾವಕಾರ್ರ ಮಗಳಲ್ಲೇನು, ನಮ್ಮ ಮನಿ ಚಾ ಆಕಿ ಗಂಟಲಾಗ ಹೆಂಗ ಇಳದೀತು." ಅದು ಜಾತಿಯ ಮಾತೆಂದು ಎಲ್ಲರಿಗೂ ಗೊತ್ತಾಯಿತು. ಭಾಗ್ಯಶ್ರೀ ತಲೆ ತಗ್ಗಿಸಿ ಕೇಳಿಸಿಕೊಂಡಳೇ ಹೊರತು ಕಾರಣ ಹೇಳಲಿಲ್ಲ. ಕಾರಣ ಹೇಳಬೇಕೆಂದರೆ ಪಾಮನಕಲ್ಲೂರಿನ ಶೇಖಮ್ಮನ ಮನೆಯಲ್ಲಿ ಉಂಡ ಊಟದ ಕಥೆ ಹೇಳಬೇಕು, ಅದು ಅವಳ ಬಾಯಿಂದ ಹೊರಡುವುದಿಲ್ಲ. ನನ್ನ ಬಾಯಿಗೆ ಅಂಥ ಕಟ್ಟುಪಾಡಿಲ್ಲ. ಆ ಪಂಕ್ತಿಯಲ್ಲಿ ಅವಳ ಪಕ್ಕದಲ್ಲೇ ನಾನೂ ಕುಳಿತಿದ್ದೆ.

ನಾವಿಬ್ಬರೂ ಸಿಂಧನೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಅಕ್ಕಪಕ್ಕದ ಮೇಜಿನವರು. ಸುತ್ತಲಿನ ಹಳ್ಳಿ ಶಾಲೆಗಳ ಐದನೆಯ ತರಗತಿ ಮಕ್ಕಳಿಗೆ ಓದಲು, ಲೆಕ್ಕ ಮಾಡಲು ಎಷ್ಟು ಬರುತ್ತದೆಂದು ಪರೀಕ್ಷೆ ಮಾಡುವುದು, ಹಿಂದೆ ಬಿದ್ದವರಿಗೆ ಶಾಲೆಯಲ್ಲೇ ಸಂಜೆ ತರಗತಿ ನಡೆಸುವುದು ಸಂಸ್ಥೆಯ ಕೆಲಸ. ನಾನು ಪ್ರಶ್ನೆ ತಯಾರಿಸುವವಳು. ಮಕ್ಕಳು ಬರೆದದ್ದನ್ನು ಕಂಪ್ಯೂಟರಿಗೆ ಹಾಕಿ, ಪ್ರತಿ ಮಗುವಿನ ಮನೆಗೂ ಹೋಗುವ ಫಲಿತಾಂಶದ ಹಾಳೆ ಮಾಡುವವಳು ಭಾಗ್ಯಶ್ರೀ. ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ, ನಾನು ಬೈದರೆ ನಗುತ್ತಾಳೆ. ಈಗ ನಗುವುದು ಸ್ವಲ್ಪ ಕಡಿಮೆ.

ಅವಳ ತಂದೆ ಅಮರಗುಂಡಪ್ಪನವರದು ಲಿಂಗಸುಗೂರು ಬಜಾರಿನಲ್ಲಿ ಪಾತ್ರೆ ಅಂಗಡಿ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಇವಳಿಗೆ ಗಣಿತದಲ್ಲಿ ಇಪ್ಪತ್ತೊಂಬತ್ತು ಬಂತು. ಮಾಸ್ತರರು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದರು. ಅಮರಗುಂಡಪ್ಪನವರು ಬೈಯಲಿಲ್ಲ, ಹೊಡೆಯಲಿಲ್ಲ. ಆ ಅಂಕಪಟ್ಟಿಯನ್ನು ಅಂಗಡಿಯಲ್ಲಿ ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದರು. ಮದುವೆಗೆ ಕೊಡ, ತಂಬಿಗೆ ಕೊಳ್ಳಲು ಬಂದವರೆಲ್ಲ ಅದನ್ನು ನೋಡಿ, "ಯಾರದ್ರೀ ಇದು?" ಎಂದು ಕೇಳಿದರು. ತಾಯಿ ಪಾರ್ವತೆಮ್ಮ ಕೊನೆಗೆ ತಾವೇ ಹೋಗಿ ಕಿತ್ತು ತಂದರಂತೆ. ಭಾಗ್ಯಶ್ರೀ ಆಮೇಲೆ ಹಟಕ್ಕೆ ಬಿದ್ದು ಗಣಿತವನ್ನೇ ಓದಿದಳು, ಬಿ.ಎಸ್ಸಿ. ಮಾಡಿದಳು, ಸಿಂಧನೂರಿಗೆ ಮದುವೆಯಾಗಿ ಬಂದು ಈ ಕೆಲಸ ಹಿಡಿದಳು. ಆದರೆ ಆ ಕೆಂಪು ಸುತ್ತು ಅವಳನ್ನು ಬಿಟ್ಟಿರಲಿಲ್ಲ.

ಹಾಗಾಗಿ ಹಾಳೆಯ ವಿನ್ಯಾಸ ಅವಳ ಕೈಗೆ ಬಂದಾಗ ಮೊದಲು ಮಾಡಿದ್ದು ಕೆಂಪು ಬಣ್ಣವನ್ನು ಓಡಿಸಿದ್ದು. ನಪಾಸು ಎಂಬ ಪದವನ್ನೂ ತೆಗೆದಳು. ಗಳಿಸಿದ ಅಂಕ ತೋರಿಸಿದರೆ ತಾನೇ ಅವಮಾನ? ಅದರ ಬದಲು ಮಗುವಿಗೆ ಎಷ್ಟು ನೆರವು ಬೇಕೆಂದು ನೂರರ ಅಳತೆಯಲ್ಲಿ ತೋರಿಸಿದಳು. ಎಲ್ಲ ಬಲ್ಲ ಮಗುವಿಗೆ ಸೊನ್ನೆ, ಏನೂ ಬಾರದ ಮಗುವಿಗೆ ನೂರು. ಆ ಸಂಖ್ಯೆಯನ್ನು ಹಾಳೆಯ ನಡುವೆ ದೊಡ್ಡ ವೃತ್ತದಲ್ಲಿಟ್ಟಳು. ನೆರವು ಹೆಚ್ಚು ಬೇಕಾದವರಿಗೆ ಕಡು ಹಸಿರು, ಕಡಿಮೆ ಬೇಕಾದವರಿಗೆ ತೆಳು ಹಸಿರು. ಸಂಖ್ಯೆ ಹೆಚ್ಚಿದ್ದಷ್ಟೂ ನೆರವು ಹೆಚ್ಚು ಬೇಕೆಂಬ ವಿವರಣೆಯನ್ನು ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದಳು.

ಆಫೀಸಿನಲ್ಲಿ ಅದನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟು ತೋರಿಸಿದ ದಿನ ನಾವೆಲ್ಲ ಚಪ್ಪಾಳೆ ಹೊಡೆದೆವು. ನಮ್ಮ ಮುಖ್ಯಸ್ಥ ಇಶ್ತಿಯಾಕ್ ಸಾಹೇಬರು, "ಭೇಷ್ ಭಾಗ್ಯಶ್ರೀ, ಇದನ್ನ ನೋಡಿ ಯಾವ ಕೂಸೂ ಅಳಾಂಗಿಲ್ಲ" ಎಂದರು. ನಮಗೆಲ್ಲ ಒಂದೇ ಏಟಿಗೆ ಅರ್ಥವಾಯಿತು. ಯಾಕೆ ಅರ್ಥವಾಗುವುದಿಲ್ಲ? ಅವಳು ಪಕ್ಕದಲ್ಲೇ ನಿಂತು ಕಡ್ಡಿ ಹಿಡಿದು ವಿವರಿಸುತ್ತಿದ್ದಳು. ಹಾಳೆ ಮನೆಗಳಿಗೆ ಹೋಗುವಾಗ ಅವಳು ಅದರ ಜೊತೆ ಹೋಗುವುದಿಲ್ಲ ಎನ್ನುವುದು ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹಾಳೆಗಳು ಮನೆಗಳಿಗೆ ಹೋದ ವಾರದಲ್ಲೇ ಪಾಮನಕಲ್ಲೂರಿನ ಬಸವಲಿಂಗ ಮಾಸ್ತರರ ಫೋನು ಬಂತು. ಭಾಗ್ಯಶ್ರೀ ಸ್ಪೀಕರಿಗೆ ಹಾಕಿದಳು, ಹೊಗಳಿಕೆ ಬರುತ್ತದೆಂದು.

"ಮೇಡಂ, ನಿಮ್ಮ ಹಾಳಿ ಎಲ್ಲಾರ ಮನಿಗೂ ಮುಟ್ಟ್ಯಾವ. ಸಂಜಿ ಕ್ಲಾಸಿಗೆ ಹುಡುಗರೂ ಬಂದಾವ. ಆದ್ರ ಬರಬಾರದವು ಬಂದಾವ, ಬರಬೇಕಾದವು ಬಂದಿಲ್ಲ."

"ಹಂಗಂದ್ರ ಏನ್ರೀ ಸರ್?"

"ನಮ್ಮ ಸಾಲ್ಯಾಗ ಚನ್ನು ಅಂತ ಭಾಳ ಶಾಣ್ಯಾ ಹುಡುಗ ಅದಾನ. ಅವನ ಹಾಳಿಮ್ಯಾಲ ಒಂಬತ್ತು ಐತಿ. ಅವರಪ್ಪ ಹನುಮಂತು ಕಿವಿ ಹಿಂಡಿ ಎಳಕೊಂಡು ಬಂದು ಕ್ಲಾಸಿನ್ಯಾಗ ಕುಂದರಿಸಿ ಹೋಗ್ಯಾನ, 'ನೂರಕ್ಕ ಒಂಬತ್ತು ತಗೊಂಡೀಯಲ್ಲಲೇ' ಅಂತ. ಎರಡಕ್ಷರ ಕೂಡಿಸಿ ಓದಾಕ ಬರಲಾರದ ಮೌನೇಶ್ವರಿಗೆ ಎಂಬತ್ತೆರಡು ಕೊಟ್ಟೀರಿ. ಅವರವ್ವ ಶೇಖಮ್ಮ ಓಣಿತುಂಬ ಪೇಡೆ ಹಂಚ್ಯಾಳ."

ಭಾಗ್ಯಶ್ರೀ ಫೋನಿನ ಹತ್ತಿರಕ್ಕೆ ಬಾಗಿದಳು. "ನೀವು ತಿಳಿಸಿ ಹೇಳಲಿಲ್ಲೇನ್ರೀ?"

"ಹೇಳಿದೆ. 'ಆಫೀಸಿನವರು ಪ್ರಿಂಟ್ ಹಾಕಿ ಕಳಿಸಿದ್ದು ಸುಳ್ಳೇನು? ಎಂಬತ್ತೆರಡು ತಗೊಂಡಾಕಿನ್ನ ದಡ್ಡರ ಜೋಡಿ ಯಾಕ ಕುಂದರಿಸಲಿ' ಅಂತ ನನ್ನ ಮ್ಯಾಲೇ ಬಂದ್ಲು. ಸೋಮವಾರ ಕ್ಲಾಸಿನ ಹೆಸರು ಪಕ್ಕಾ ಮಾಡಬೇಕ್ರೀ. ಆಮ್ಯಾಲ ಜಾಗ ಇರಾಂಗಿಲ್ಲ. ಆಕಿ ಹಿಂಗಾ ಆರನೇತ್ತಕ್ಕ ಹೋದ್ರ ಅಲ್ಲಿ ಯಾರೂ ಅಕ್ಷರ ಕಲಸಾಂಗಿಲ್ಲ. ಹಾಳಿ ಮಾಡಿದಾಕಿ ನೀವು, ನೀವಾ ಬಂದು ಹೇಳ್ರಿ."

ಫೋನು ಇಟ್ಟ ಮೇಲೆ ಭಾಗ್ಯಶ್ರೀ ಕಂಪ್ಯೂಟರ್ ಪರದೆಯ ಮೇಲಿನ ಹಾಳೆಯನ್ನೇ ನೋಡುತ್ತ ಕುಳಿತಳು. ನನಗೂ ಆಗಲೇ ಕಣ್ಣು ತೆರೆದದ್ದು. ನಮ್ಮ ಕಡೆ ಓದು ಬಾರದವರಿಗೂ ಪರೀಕ್ಷೆಯ ವಿಷಯದಲ್ಲಿ ಒಂದು ಸಂಖ್ಯೆ ಗೊತ್ತು, ಮೂವತ್ತೈದು. ಅದರ ಮೇಲೆ ಬಂದರೆ ಪಾಸು, ಕೆಳಗೆ ಬಂದರೆ ಗೋತಾ. ಇನ್ನು ಬಣ್ಣ. ಮಳೆ ನೆಚ್ಚಿ ಜೋಳ, ತೊಗರಿ ಬಿತ್ತುವ ಊರಿನಲ್ಲಿ ಕಡು ಹಸಿರು ಕಂಡರೆ ಯಾರಾದರೂ ಅಯ್ಯೋ ಅನ್ನುತ್ತಾರೆಯೇ? ಬೆಳೆ ಚೆನ್ನಾಗಿದೆ ಎಂದೇ ಅನ್ನುವುದು. ತೆಳು ಹಸಿರಿಗೆ ಗೊಬ್ಬರ ಸಾಲದು ಎನ್ನುತ್ತಾರೆ.

"ಅಕ್ಕಾ, ನೀನೂ ಬಾ. ಒಬ್ಬಾಕಿನಾ ಹೋಗಾಕ ನನಗ ನಾಚಿಕಿ ಆಗತೈತಿ" ಎಂದಳು. ಭಾನುವಾರ ಮಸ್ಕಿಯವರೆಗೆ ಬಸ್ಸು, ಅಲ್ಲಿಂದ ಶೇರ್ ಆಟೋ. ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತನ್ನು ಬಾಯಲ್ಲೇ ತಿರುವಿ ಹಾಕುತ್ತಿದ್ದಳು. ಹೋದ ಕೂಡಲೇ ಹೇಳಿಬಿಡಬೇಕು, ಕುಳಿತುಕೊಳ್ಳುವ ಮೊದಲೇ ಹೇಳಿಬಿಡಬೇಕು ಎಂದು ನನಗೂ ಹೇಳಿದಳು, ತನಗೂ ಹೇಳಿಕೊಂಡಳು.

ಶೇಖಮ್ಮನ ಓಣಿಗೆ ಕಾಲಿಡುತ್ತಲೇ ಹೋಳಿಗೆಯ ವಾಸನೆ ಮೂಗಿಗೆ ಬಡಿಯಿತು. ಹಾಳೆ ಮಾಡಿದ ಮೇಡಂ ಬರುತ್ತಾರೆಂದು ಮಾಸ್ತರರು ಮುಂಚೆಯೇ ತಿಳಿಸಿದ್ದರು, ಯಾಕೆ ಬರುತ್ತಾರೆಂದು ಮಾತ್ರ ಹೇಳಿರಲಿಲ್ಲ. ಮಗಳು ಪಾಸಾದರೆ ಐದು ಮಂದಿ ಮುತ್ತೈದೆಯರಿಗೆ ಊಟ ಹಾಕಿ ಉಡಿ ತುಂಬುತ್ತೇನೆಂದು ಶೇಖಮ್ಮ ಮನೆದೇವರು ಮಲ್ಲಯ್ಯನಿಗೆ ಬೇಡಿಕೊಂಡಿದ್ದಳಂತೆ. ಆ ಹರಕೆಯ ಊಟವನ್ನು ನಮಗಾಗಿ ಕಾದು ಇದೇ ದಿನ ಇಟ್ಟುಕೊಂಡಿದ್ದಳು. ಓಣಿಯ ಮೂವರು, ನಾವಿಬ್ಬರು, ಲೆಕ್ಕ ಸರಿಹೋಯಿತು.

ಅವಳ ಗಂಡ ಮುದುಕಪ್ಪ ಕಾಲಿಗೆ ನೀರು ತಂದುಕೊಟ್ಟ. ಶೇಖಮ್ಮ ಭಾಗ್ಯಶ್ರೀಯ ಎರಡೂ ಕೈ ಹಿಡಿದು, "ಬರ್ರಿ ಅಕ್ಕೋರ, ನಮ್ಮ ವಂಶದಾಗ ಯಾರೂ ಸಾಲಿ ಕಟ್ಟಿ ಹತ್ತಿಲ್ರೀ. ನನ್ನ ಮಗಳಿಗೆ ಎಂಬತ್ತೆರಡು ಬಂದಾವಂತ ನಿಮ್ಮ ಹಾಳೀನಾ ನನಗ ಹೇಳಿದ್ದು" ಎಂದಳು. ಒಳಗೆ ದೇವರ ಜಗಲಿಯ ಮೇಲೆ, ಮಲ್ಲಯ್ಯನ ಪಟದ ಪಕ್ಕ, ಆ ಹಾಳೆಯನ್ನು ನಿಲ್ಲಿಸಿದ್ದಳು. ಕಡು ಹಸಿರು ವೃತ್ತದ ಮೇಲೆ ಕುಂಕುಮ ಹಚ್ಚಿದ್ದಳು. ಕೆಂಪು ಬೀಳದಿರಲಿ ಎಂದು ಅಷ್ಟೆಲ್ಲ ಒದ್ದಾಡಿದವಳು ಆ ಕೆಂಪನ್ನು ನೋಡುತ್ತ ನಿಂತುಬಿಟ್ಟಳು.

"ಶೇಖಮ್ಮ, ಒಂದು ಮಾತು ಹೇಳಬೇಕಿತ್ರೀ" ಎಂದು ಶುರು ಮಾಡಿದಳು.

"ಮಾತು ಎಲ್ಲಿ ಹೋಗತಾವ್ರೀ? ಮೊದಲ ಉಣ್ರಿ, ಹೋಳಿಗಿ ಆರತಾವ."

ಅಷ್ಟೇ. ಎಲೆ ಹಾಕಿದರು, ನಾವು ಕುಳಿತೆವು. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಮಡಕಿಕಾಳಿನ ಪಲ್ಯ. ಸುಳ್ಳು ಯಾಕೆ ಹೇಳಲಿ, ನಾನು ಕೇಳಿ ಹಾಕಿಸಿಕೊಂಡು ಉಂಡೆ. ಭಾಗ್ಯಶ್ರೀ ತುತ್ತನ್ನು ನೀರಿನ ಜೊತೆ ನುಂಗುತ್ತಿದ್ದಳು. ಪಕ್ಕದ ಹೆಂಗಸು, "ಮೇಡಂ ನಾಚಿಕೋತಾರ" ಎಂದು ನಕ್ಕು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು.

ಊಟವಾದ ಮೇಲೆ ಶೇಖಮ್ಮ ಜಗಲಿಯಿಂದ ಹಾಳೆ ತೆಗೆದು ಮಗಳ ಕೈಗೆ ಕೊಟ್ಟಳು. "ಅಕ್ಕೋರ ಮುಂದ ಓದಿ ತೋರಸು ಬೇ. ನಾಚಬ್ಯಾಡ."

ಮೌನೇಶ್ವರಿ ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡು ಕಂಬಕ್ಕೆ ಆನಿಕೊಂಡು ನಿಂತಿದ್ದಳು. ಹಾಳೆಯನ್ನು ಮುಖದ ಎದುರಿಗೆ ಹಿಡಿದಳು. ಆಮೇಲೆ ಗಟ್ಟಿ ದನಿಯಲ್ಲಿ, "ನಮ್ಮ ಊರಿನಲ್ಲಿ ಒಂದು ಕೆರೆ ಇದೆ, ಕೆರೆಯಲ್ಲಿ ಮೀನುಗಳಿವೆ" ಎಂದು ಶುರುಮಾಡಿ ತಡವರಿಸದೆ ಮುಗಿಸಿದಳು. ಹಾಳೆಯ ಮೇಲೆ ಕೆರೆಯೂ ಇರಲಿಲ್ಲ, ಮೀನೂ ಇರಲಿಲ್ಲ. ತರಗತಿಯಲ್ಲಿ ಎಲ್ಲರೂ ಕೂಡಿ ಹೇಳುವ ಪಾಠವನ್ನು ಕಿವಿಯಿಂದ ಕಲಿತು ಒಪ್ಪಿಸಿದ್ದಳು. ಅವಳ ಕಣ್ಣುಗಳು ಅಕ್ಷರಗಳ ಮೇಲೆ ಓಡಲೇ ಇಲ್ಲ. ಹಾಳೆಯ ಅಂಚಿನಿಂದ ಭಾಗ್ಯಶ್ರೀಯನ್ನೇ ನೋಡುತ್ತಿದ್ದವು, ಹೇಳಬೇಡಿ ಎಂದು ಬೇಡುವ ಹಾಗೆ.

ಓಣಿಯ ಹೆಂಗಸರು, "ಯವ್ವಾ, ನೀರು ಕುಡದಂಗ ಓದತಾಳ" ಎಂದರು. ಶೇಖಮ್ಮ ಕಣ್ಣೊರೆಸಿಕೊಂಡು ಕೇಳಿದಳು: "ಹೆಂಗ ಓದಿದ್ಲು ರೀ ಅಕ್ಕೋರ?"

ಭಾಗ್ಯಶ್ರೀ ಅಂದಳು: "ಚಂದ ಓದಿದಳು."

ನಾನು ಅವಳ ಕಡೆ ತಿರುಗಿ ನೋಡಿದೆ. ಕಿವಿಯ ತನಕ ಕೆಂಪಾಗಿದ್ದಳು.

ಆಮೇಲೆ ಉಡಿ ತುಂಬಿದರು. ಮೊದಲ ಉಡಿ ಭಾಗ್ಯಶ್ರೀಗೇ. ಸೆರಗು ಹಿಡಿದು ಕುಳಿತಳು. ಶೇಖಮ್ಮ ಬೊಗಸೆ ತುಂಬ ಅಕ್ಕಿ, ಕೊಬ್ಬರಿ, ಅರಿಸಿಣ ಕೊಂಬು, ಉತ್ತತ್ತಿ, ಕುಬುಸದ ಖಣ ಹಾಕಿ, ಹಣೆಗೆ ಕುಂಕುಮ ಹಚ್ಚಿ, "ನನ್ನ ಮಗಳಿಗೆ ನಿಮ್ಮಂಗ ವಿದ್ಯಾ ಹತ್ತಲಿ ಅನ್ರಿ" ಎಂದಳು. ಭಾಗ್ಯಶ್ರೀ ಅದನ್ನೂ ಅಂದಳು, ದನಿ ಹೊರಗೆ ಬಂತೋ ಇಲ್ಲವೋ. ನೆಲ ಬಾಯಿ ಬಿಡಬಾರದೇ ಅನಿಸಿತ್ತು ಅಕ್ಕಾ ಎಂದು ಆಮೇಲೆ ಹೇಳಿದಳು.

ಹೊರಟೆವು. ಆಟೋ ನಿಲ್ಲುವ ಕಟ್ಟೆಗೆ ಬಂದೆವು. ಆಟೋ ಬಂತು, ನಾನು ಹತ್ತಿ ಕುಳಿತೆ. ಅವಳು ಹತ್ತಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಉಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬಂದ ದಾರಿಯಲ್ಲೇ ತಿರುಗಿ ನಡೆದಳು. ಆಟೋದವನ ಬೈಗುಳ ಕೇಳಿಸಿಕೊಂಡು ನಾನೂ ಇಳಿದು ಹಿಂದೆ ಓಡಿದೆ.

ಶೇಖಮ್ಮ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಓಣಿಯವರು ಹೋಗಿಯಾಗಿತ್ತು. "ಯಾಕ್ರೀ ಅಕ್ಕೋರ, ಏನರ ಮರತೀರೇನು?"

"ಶೇಖಮ್ಮ, ಆ ಎಂಬತ್ತೆರಡು ಮಾರ್ಕ್ಸ್ ಅಲ್ರೀ. ಕೂಸಿಗೆ ಎಷ್ಟು ಕಲಸೂದು ಬಾಕಿ ಐತಿ ಅಂತ ತೋರಸೂದದು. ಹೆಚ್ಚಿದ್ರ ಚಲೋ ಅಲ್ಲ. ನಾ ತೆಲಿ ಉಪಯೋಗಿಸಲಾರದ ಹಂಗ ಮಾಡೀನಿ. ಮೌನೇಶ್ವರಿಗೆ ಓದಾಕ ಬರಾಂಗಿಲ್ರೀ."

"ಈಗರ ಓದಿದ್ಲಲ್ರೀ. ನೀವಾ ಚಂದ ಓದಿದ್ಲು ಅಂದ್ರಿ."

"ಬಾಯಿಪಾಠ ಹೇಳಿದ್ಲು. ನಾ ಸುಳ್ಳು ಹೇಳಿದೆ."

ಶೇಖಮ್ಮ ಬಾಗಿಲ ಕಡೆ ನೋಡಿದಳು. ಮೌನೇಶ್ವರಿ ಅಲ್ಲಿ ನಿಂತಿದ್ದಳು, ಒಂದು ಜಡೆಯ ರಿಬ್ಬನ್ ಬಿಚ್ಚಿತ್ತು. "ಖರೇ ಏನ ಬೇ?" ಎಂದಳು ತಾಯಿ. ಹುಡುಗಿ ಹೂಂ ಎಂದು ತಲೆ ಆಡಿಸಿ ಅಳತೊಡಗಿದಳು. ಶೇಖಮ್ಮ ಬೈಯಲಿಲ್ಲ. ಕೈಗೆ ಹತ್ತಿದ ಬೂದಿಯನ್ನು ತೊಳೆದಳು, ಬೂದಿ ಹೋದ ಮೇಲೂ ತೊಳೆಯುತ್ತಲೇ ಇದ್ದಳು. ಆಮೇಲೆ ತಲೆ ಎತ್ತಿ ಕೇಳಿದಳು:

"ಇದು ನಿಮಗ ಊಟಕ್ಕ ಕುಂದ್ರೂಕಿಂತ ಮೊದಲಾ ಗೊತ್ತಿತ್ತೇನ್ರೀ?"

ಭಾಗ್ಯಶ್ರೀ ಇಲ್ಲ ಅನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆನೇನೋ. "ಗೊತ್ತಿತ್ರೀ" ಎಂದಳು.

ಭಾಗ್ಯಶ್ರೀ ಏನು ಮಾಡಬೇಕೆಂದು ತಿಳಿಯದೆ ಉಡಿಯ ಗಂಟನ್ನು ಬಿಚ್ಚಹೋದಳು. "ಉಡಿ ತುಂಬಿದ್ದು ಹೊಳ್ಳಿ ತಗೊಳ್ಳಾಂಗಿಲ್ರೀ. ಒಯ್ರಿ" ಎಂದು ಶೇಖಮ್ಮ ಪಾತ್ರೆಗೆ ಕೈ ಹಾಕಿದಳು.

ಸೋಮವಾರ ಸಂಜೆ ಮೌನೇಶ್ವರಿಯನ್ನು ತರಗತಿಗೆ ತಾಯಿಯೇ ಕರೆತಂದು ಬಿಟ್ಟಳೆಂದು ಬಸವಲಿಂಗ ಮಾಸ್ತರರು ತಿಳಿಸಿದರು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಬಂದಿದ್ದಳಂತೆ. ಪೇಡೆ ತಿಂದ ಬಾಯಿಗಳು ಸುಮ್ಮನಿರುತ್ತವೆಯೇ? ನಲ್ಲಿಯ ಹತ್ತಿರ ಅವಳನ್ನು ಕಂಡರೆ, "ಎಂಬತ್ತೆರಡರ ಸಾವಕಾರ್ತಿ ಬಂದ್ಲು" ಎಂದು ಸರಿದು ಜಾಗ ಬಿಡುತ್ತಿದ್ದರಂತೆ. ಮಗುವಿಗೆ ಅವಮಾನವಾಗದಿರಲಿ ಎಂದು ಮಾಡಿದ ಹಾಳೆ ಒಂದು ಇಡೀ ಮನೆಯನ್ನೇ ತಲೆ ತಗ್ಗಿಸುವಂತೆ ಮಾಡಿತು. ಅಮರಗುಂಡಪ್ಪನವರ ಗಲ್ಲಾದ ಗೋಡೆಯೇ ವಾಸಿ, ಅದರ ಮೇಲೆ ಬರೆದದ್ದಾದರೂ ಅರ್ಥವಾಗುತ್ತಿತ್ತು.

ಇಶ್ತಿಯಾಕ್ ಸಾಹೇಬರು ಹಾಳೆಯ ಮೇಲೆ ತಿದ್ದುಪಡಿಯ ಚೀಟಿ ಅಂಟಿಸಿದರಾಯಿತು ಎಂದರು. ಭಾಗ್ಯಶ್ರೀ ಒಪ್ಪಲಿಲ್ಲ. ಹಾಳೆ ಮುಟ್ಟಿದ ಮನೆಗಳಿಗೆಲ್ಲ ತಾನೇ ಹೋಗಿ, ತಪ್ಪು ತನ್ನದೆಂದು ಹೇಳಿ ಅದನ್ನು ವಾಪಸು ತಂದಳು. ಚನ್ನುವಿನ ಅಪ್ಪ ಹನುಮಂತು, "ಹುಡುಗನ ಕಿವಿ ಹಿಂಡಿದ್ದು ಹೆಂಗ ವಾಪಸ್ ತಗೊಳ್ಳಲ್ರೀ?" ಎಂದು ಕೇಳಿದ. ಉಡಿಯ ಅಕ್ಕಿಯನ್ನು ಅವಳ ಅತ್ತೆ ಪದ್ಧತಿಯಂತೆ ಅನ್ನ ಮಾಡಿ ಬಡಿಸಿದರು. ಉಂಡಳಂತೆ, ಹೇಗೆ ಉಂಡಳೋ.

ಹೊಸ ಹಾಳೆ ಒಂದೇ ಸಲಕ್ಕೆ ಆಗಲಿಲ್ಲ. ಮೊದಲು ಮೆಟ್ಟಿಲುಗಳ ಚಿತ್ರ ಹಾಕಿ, ಮಗು ಎಷ್ಟನೆಯ ಮೆಟ್ಟಿಲಲ್ಲಿದೆ ಎಂದು ತೋರಿಸಿದಳು. ಸಂತೆಕಲ್ಲೂರಿನ ಒಬ್ಬ ತಂದೆ ಅದನ್ನು ನೋಡಿ ಬಹಳ ಖುಷಿಪಟ್ಟ. ಬಾವಿಯ ಮೆಟ್ಟಿಲಲ್ಲವೇ, ಎಲ್ಲರಿಗಿಂತ ಕೆಳಗಿರುವ ತನ್ನ ಮಗ ನೀರಿಗೆ ಹತ್ತಿರ ಇದ್ದಾನೆ ಎಂದ. ನಾನು ದಾರಿಯುದ್ದಕ್ಕೂ ನಕ್ಕೆ. ಅವಳು ಆಟೋದಲ್ಲೇ ಆ ಚಿತ್ರಕ್ಕೆ ಕಾಟು ಹಾಕಿದಳು. ಕೊನೆಗೆ ಉಳಿದದ್ದರಲ್ಲಿ ಸಂಖ್ಯೆಯೂ ಇಲ್ಲ, ಬಣ್ಣವೂ ಇಲ್ಲ. ಮಗುವಿಗೆ ಏನು ಬರುತ್ತದೆ, ಏನು ಇನ್ನೂ ಬರುವುದಿಲ್ಲ, ಮನೆಯವರು ಈಗ ಏನು ಮಾಡಬೇಕು, ಇಷ್ಟನ್ನು ದಪ್ಪ ಅಕ್ಷರದ ಸಾದಾ ಮಾತಿನಲ್ಲಿ ಬರೆದದ್ದು. ಅದನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ, ಏನು ತಿಳಿಯಿತೆಂದು ಅವರ ಬಾಯಿಂದಲೇ ಕೇಳದೆ ಒಂದನ್ನೂ ಛಾಪಿಸುವುದಿಲ್ಲ. ಅಲ್ಲಿಯವರೆಗೆ ಯಾರ ಮನೆಯ ತಿನಿಸೂ ಬಾಯಿಗೆ ಹೋಗುವುದಿಲ್ಲ. ಸಾಲಗುಂದದ ಅಜ್ಜಿ ಏನಾದರೂ ಅಂದುಕೊಳ್ಳಲಿ.

ಈ ವರ್ಷ, ಹೋದ ಸಲ ಸಂಜೆ ತರಗತಿಯಲ್ಲಿ ಕಲಿತ ಮಕ್ಕಳಿಗೂ ಆ ಹಾಳೆ ಮಾಡಿ, ಹಿಡಿದುಕೊಂಡು ಪಾಮನಕಲ್ಲೂರಿಗೆ ಹೋದೆವು. ಶೇಖಮ್ಮನ ಮನೆ ಬಿಟ್ಟು ಮುಂದೆ ಹೋಗೋಣ ಎಂದು ನಾನೇ ಹೇಳಿದೆ. ಭಾಗ್ಯಶ್ರೀ ಕೇಳಲಿಲ್ಲ. ಶೇಖಮ್ಮ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬನ್ನಿ ಎಂದಳು, ನೀರು ಕೊಟ್ಟಳು. ಈಗ ಆರನೆಯ ತರಗತಿಯಲ್ಲಿರುವ ಮೌನೇಶ್ವರಿ ಹಾಳೆ ತೆಗೆದುಕೊಂಡು, ಪ್ರತಿ ಅಕ್ಷರದ ಕೆಳಗೆ ಬೆರಳಿಟ್ಟು, ನಿಂತು ನಿಂತು ಓದಿದಳು: "ಮೌನೇಶ್ವರಿ ಸಣ್ಣ ವಾಕ್ಯ ಓದುತ್ತಾಳೆ. ಒತ್ತಕ್ಷರ ಬಂದರೆ ತಡವರಿಸುತ್ತಾಳೆ. ದಿನಾ ಸಂಜೆ ಅವಳಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ." ತಡವರಿಸುತ್ತಾಳೆ ಎಂಬಲ್ಲಿ ತಡವರಿಸಿದಳು.

ಶೇಖಮ್ಮ ಮೊರದಿಂದ ಕಣ್ಣು ತೆಗೆಯದೆ ಹೇಳಿದಳು: "ಓದತಾಳ. ಒತ್ತಕ್ಷರ ಇನ್ನೂ ಬರವಲ್ವು. ದಿನಾ ಸಂಜಿಗೆ ಒಂದು ಪುಟ ನಾ ಓದಸಬೇಕು. ಇಷ್ಟ ಹೌದಲ್ರೀ?"

"ಇಷ್ಟ ರೀ" ಎಂದಳು ಭಾಗ್ಯಶ್ರೀ. ಒಂದು ಮಾತೂ ತಪ್ಪಿರಲಿಲ್ಲ. ಅವಳು ಹಾಳೆಯನ್ನು ಮೌನೇಶ್ವರಿಯ ಕೈಯಲ್ಲೇ ಬಿಟ್ಟು, ಕಂಬಕ್ಕೆ ಒರಗಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕುಳಿತಳು. ಮುದುಕಪ್ಪ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಒಲೆಯ ಕಡೆ ನೋಡಿದ. ಒಲೆ ಉರಿಯುತ್ತಿತ್ತು. ಶೇಖಮ್ಮ ಇನ್ನೊಂದು ಮೊರ ತೊಗರಿ ಸುರುವಿಕೊಂಡು ಕಲ್ಲು ಆರಿಸತೊಡಗಿದಳು.

ಚಹಾ ಬರಲಿಲ್ಲ. ಬರುವುದಿಲ್ಲವೆಂದು ತಿಳಿದ ಮೇಲೂ ಭಾಗ್ಯಶ್ರೀ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದಳು.